ಕಂಡ ನಗೆ, ಕೇಳಿದ ನಗೆ

ಹಾಸ್ಯ ಭಾಷಣ ಮಾಡುವವರಿಗೆ ಇರುವ ಒಂದು ಅನುಕೂಲ ಬಾನುಲಿಯಲ್ಲಿ ಮಾತಾಡುವವರಿಗೆ ಇಲ್ಲ. ಮೈಕಿನ ಮುಂದೆ ನಿಂತವನು ಒಂದು ಮಾತು ಆಡುತ್ತಾನೆ. ಅದು ಸಭೆಗೆ ಒಪ್ಪಿತೋ ಇಲ್ಲವೋ ಎಂಬುದು ಕಣ್ಣು ಮಿಟುಕಿಸುವಷ್ಟರಲ್ಲಿ ಅವನಿಗೆ ತಿಳಿದುಹೋಗುತ್ತದೆ. ಬೇರೆ ಯಾವ ಭಾಷಣಕಾರನಿಗೂ ಪರೀಕ್ಷೆಯ ಫಲಿತಾಂಶ ಇಷ್ಟು ಬೇಗ ಬರುವುದಿಲ್ಲ. ಮಂತ್ರಿಗಳ ಭಾಷಣಕ್ಕೆ ಬೀಳುವ ಚಪ್ಪಾಳೆಯಲ್ಲಿ ಒಪ್ಪಿಗೆ ಎಷ್ಟು, ಮರ್ಯಾದೆ ಎಷ್ಟು, ಸದ್ಯ ಮುಗಿಯಿತಲ್ಲ ಎಂಬ ನೆಮ್ಮದಿ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ನಗುವಿನಲ್ಲಿ ಆ ಕಲಬೆರಕೆ ಕಡಿಮೆ. ಸಾವಿರ ಜನ ಒಂದೇ ಗಳಿಗೆಗೆ ಗೊಳ್ಳೆಂದು ನಕ್ಕರೆ, ಆ ಸಾವಿರ ಜನರೂ ತಮ್ಮ ತಮ್ಮ ಮನೆಯಲ್ಲೋ ಬೀದಿಯಲ್ಲೋ ಕಚೇರಿಯಲ್ಲೋ ಆ ಸಂಗತಿಯನ್ನು ಕಂಡಿದ್ದಾರೆ, ಕಂಡೂ ಬಾಯಿಬಿಟ್ಟು ಹೇಳಿರಲಿಲ್ಲ ಎಂದು ತಿಳಿಯಬಹುದು. ಈ ಕಾರಣಕ್ಕೇ ನಿತ್ಯದ ಬದುಕಿನ ಬಗ್ಗೆ, ಸಮಾಜದ ಬಗ್ಗೆ ಹಾಸ್ಯಗಾರ ಆಡುವ ಓರೆ ಮಾತುಗಳನ್ನು ಹೊತ್ತು ಕಳೆಯುವ ಹರಟೆ ಎಂದು ತಳ್ಳಿಹಾಕಬಾರದು, ಸಾಕ್ಷಿಯ ಹೇಳಿಕೆ ಎಂದು ಕೇಳಬೇಕು ಎನ್ನುವುದು ನನ್ನ ವಾದ. ಆದರೆ ಸಾಕ್ಷಿಗೆ ನ್ಯಾಯಾಲಯದಲ್ಲಿ ಒಂದು ಷರತ್ತು ಇದೆ. ತಾನು ಕಂಡದ್ದನ್ನು ಅವನು ಹೇಳಬೇಕು, ಯಾರೋ ಹೇಳಿದ್ದನ್ನು ಕೇಳಿ ಬಂದು ಒಪ್ಪಿಸಬಾರದು. ನಮ್ಮ ಹಾಸ್ಯಗಾರರನ್ನು ತೂಗುವುದಕ್ಕೂ ಅದೇ ಷರತ್ತು ಸಾಕು.

ಕಂಡದ್ದು ಎಂದರೆ ಎಷ್ಟು ಹತ್ತಿರದಿಂದ ಕಂಡದ್ದು? ಬಸ್ಸಿನ ಒಂದು ಸಂಗತಿ ತೆಗೆದುಕೊಳ್ಳೋಣ. ಸರ್ಕಾರಿ ಬಸ್ಸಿನಲ್ಲಿ 23 ರೂಪಾಯಿ ಟಿಕೆಟ್ಟಿಗೆ ನೂರರ ನೋಟು ಕೊಟ್ಟರೆ ಮುಂದೇನಾಗುತ್ತದೆ ಎಂದು ಕರ್ನಾಟಕದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ 77 ಎಂದು ಗೀಚಿ, ಅದರ ಸುತ್ತ ಒಂದು ಗೆರೆ ಎಳೆದು, 'ಇಳಿಯೋವಾಗ ಇಸ್ಕೊಳ್ಳಿ' ಎಂದು ಮುಂದಿನ ಸೀಟಿಗೆ ಹೋಗುತ್ತಾರೆ. ಅಲ್ಲಿಂದಾಚೆಗೆ ಆ ಪ್ರಯಾಣಿಕನ ಪ್ರಯಾಣವೇ ಬೇರೆ. ಕಿಟಕಿಯಾಚೆ ಬೆಟ್ಟ ಬಂತೋ ಕೆರೆ ಬಂತೋ ಅವನಿಗೆ ಬೇಕಿಲ್ಲ. ಕಣ್ಣೆಲ್ಲ ಕಂಡಕ್ಟರ ಹೆಗಲ ಚೀಲದ ಮೇಲೆ. ಕೇಳುವುದಕ್ಕೆ ಸಂಕೋಚ, ಮರೆತುಬಿಟ್ಟೇನೆಂಬ ಭಯ. ಎರಡು ಸಲ ಕೇಳಿದರೆ 'ನಾನೆಲ್ಲಿಗೆ ಓಡಿಹೋಗ್ತೀನಿ ಸಾರ್' ಎಂಬ ಉತ್ತರ. ಕೊನೆಗೂ ಚಿಲ್ಲರೆ ಹುಟ್ಟಲಿಲ್ಲವೆಂದರೆ ಒಂದೇ ಸ್ಟಾಪಿನಲ್ಲಿ ಇಳಿಯುವ ಇಬ್ಬರ ಕೈಗೆ ಒಂದೇ ನೋಟು ಕೊಟ್ಟು 'ಇಬ್ಬರೂ ಹಂಚ್ಕೊಳ್ಳಿ' ಎನ್ನುತ್ತಾರೆ. ಹೆಸರೂ ಊರೂ ಗೊತ್ತಿಲ್ಲದ ಇಬ್ಬರು ಹೀಗೆ ದಿಢೀರನೆ ಪಾಲುದಾರರಾಗಿ, ಒಬ್ಬರನ್ನೊಬ್ಬರು ಬಿಟ್ಟು ಹೋಗದಂತೆ ಪಕ್ಕಪಕ್ಕದಲ್ಲೇ ನಡೆಯುತ್ತ, ಬೀಡಾ ಅಂಗಡಿಯಲ್ಲಿ ಬೇಡದ ಬಾಳೆಹಣ್ಣು ಕೊಂಡು ನೋಟು ಮುರಿಸಬೇಕು. ಹಾಸ್ಯಗಾರ ಇಷ್ಟನ್ನು ಬಿಡಿಸಿಟ್ಟರೆ ಸಾಕು, ಸಭೆ ಬಿದ್ದು ಬಿದ್ದು ನಗುತ್ತದೆ. ನಗುವ ಹೊತ್ತಿಗೆ ಪ್ರಜೆಗೂ ಸರ್ಕಾರಕ್ಕೂ ಇರುವ ನಂಟಿನ ಒಂದು ಅಧ್ಯಾಯವೂ ಮುಗಿದಿರುತ್ತದೆ. ಆ ಟಿಕೆಟ್ಟು ಪ್ರಜೆ ಸರ್ಕಾರಕ್ಕೆ ಕೊಟ್ಟ ಕೈಸಾಲದ ಪತ್ರ. ತೀರಿಸುವ ಗಡುವು ಮುಂದಿನ ಸ್ಟಾಪು, ನೆನಪಿಸುವ ಹೊಣೆ ಸಾಲ ಕೊಟ್ಟವನದೇ. ಕಂಡಕ್ಟರನ್ನು ಇದರಲ್ಲಿ ಖಳನಾಯಕ ಮಾಡಬೇಕಾಗಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲೇ ಎಲ್ಲರೂ ನೂರರ ನೋಟು ಚಾಚಿದರೆ ಅವರಾದರೂ ಎಲ್ಲಿಂದ ತಂದಾರು? ಒಳ್ಳೆಯ ಹಾಸ್ಯಗಾರ ಅದನ್ನೂ ಕಂಡಿರುತ್ತಾನೆ. ಮೊಬೈಲಿನಿಂದ ದುಡ್ಡು ಕಟ್ಟುವ ಕ್ಯೂಆರ್ ಕೋಡು ಈಗ ಬಸ್ಸಿನೊಳಗೂ ಬಂದಿದೆ. ಇನ್ನು ಕೆಲವು ವರ್ಷಗಳಲ್ಲಿ ಈ ಇಡೀ ನಾಟಕ ಮರೆತುಹೋಗಬಹುದು. ಆಗ ಅದರ ದಾಖಲೆ ಸಿಗುವುದು ಸಾರಿಗೆ ನಿಗಮದ ವಾರ್ಷಿಕ ವರದಿಯಲ್ಲಲ್ಲ, ಯಾವುದೋ ಹಾಸ್ಯ ಭಾಷಣದ ಧ್ವನಿಮುದ್ರಣದಲ್ಲಿ.

ಮದುವೆ ಮನೆಯೂ ಹೀಗೇ. ಉಡುಗೊರೆ ಬೇಡ ಎಂದು ಲಗ್ನಪತ್ರಿಕೆಯ ಕೆಳಗೆ ಅಚ್ಚು ಹಾಕಿಸಿದವರೇ ಛತ್ರದ ಬಾಗಿಲಲ್ಲಿ ಮುಯ್ಯಿ ಬರೆದುಕೊಳ್ಳಲು ಒಂದು ಮೇಜು, ಒಂದು ನೋಟ್‌ಪುಸ್ತಕ, ಲೆಕ್ಕದಲ್ಲಿ ಗಟ್ಟಿಯಾದ ಒಬ್ಬ ಸೋದರಮಾವನನ್ನು ಕೂರಿಸಿರುತ್ತಾರೆ. ಮುಂದಿನ ಪಂಕ್ತಿಗೆ ಜಾಗ ಹಿಡಿಯಲು ಊಟ ಮಾಡುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ನಿಲ್ಲುವವರ ದೃಷ್ಟಿ ಎಲೆಯ ಮೇಲಿನ ಮಜ್ಜಿಗೆ ಅನ್ನದ ಮೇಲೇ ಇರುತ್ತದೆ. ಇದನ್ನೆಲ್ಲ ಹೇಳುವುದಕ್ಕೆ ಸಿದ್ಧಾಂತ ಬೇಕಿಲ್ಲ, ಕಣ್ಣು ಬೇಕು. ಮತ್ತು ಆ ಕುರ್ಚಿಯ ಹಿಂದೆ ತಾನೂ ನಿಂತಿದ್ದೆ ಎಂದು ಒಪ್ಪಿಕೊಳ್ಳುವ ಧೈರ್ಯ ಬೇಕು.

ಒಬ್ಬನೇ ನಿಂತು ಲೋಕವನ್ನು ಓರೆಗಣ್ಣಿನಿಂದ ನೋಡಿ ಮಾತಾಡುವ ಈ ಕಲೆ ಇಂಗ್ಲಿಷಿನವರಿಂದ ಮೊನ್ನೆ ಮೊನ್ನೆ ಬಂದ ಸ್ಟ್ಯಾಂಡಪ್ ಕಾಮಿಡಿ ಎಂದು ಮೂಗು ಮುರಿಯುವವರಿದ್ದಾರೆ. ಹೆಸರು ಹೊಸದು, ಕಸುಬು ಹಳೆಯದು. ಯಕ್ಷಗಾನದ ರಾಜ ಮಹಾರಾಜರು ಗ್ರಂಥಸ್ಥ ಕನ್ನಡದಲ್ಲಿ ಅರ್ಥ ಹೇಳುತ್ತಿರುವಾಗ ಹಾಸ್ಯಗಾರ ದೂತನಾಗಿಯೋ ಬಾಗಿಲವನಾಗಿಯೋ ಬಂದು ಊರಿನ ಆಡುಮಾತಿನಲ್ಲಿ ಅಂದಂದಿನ ಸುದ್ದಿ ಆಡಿ ಹೋಗುತ್ತಾನೆ. ರಾಜನ ಎದುರು ಹಾಗೆ ಮಾತಾಡುವ ಸಲುಗೆ ರಂಗದ ಮೇಲೆ ಅವನೊಬ್ಬನಿಗೇ. ಹರಿಕಥೆಯ ದಾಸರು ಉಪಕಥೆಯ ನೆಪದಲ್ಲಿ ಎದುರಿಗೆ ಕುಳಿತ ಜಿಪುಣ ಸಾಹುಕಾರನಿಗೆ ಚುಚ್ಚುತ್ತಿದ್ದದ್ದೂ ಇದೇ ಜಾತಿಯ ಕೆಲಸ. ಇಂದಿನ ಹುಡುಗರು ಕನ್ನಡಕ್ಕೆ ಇಂಗ್ಲಿಷು ಕಲಸುತ್ತಾರೆ ಎಂಬುದು ಇನ್ನೊಂದು ದೂರು. ಅದಕ್ಕೆ ಟಿ.ಪಿ. ಕೈಲಾಸಂ ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅವರ 'ಟೊಳ್ಳುಗಟ್ಟಿ', 'ಹೋಂರೂಲು' ನಾಟಕಗಳ ಮಂದಿ ಆಡುವ ಬೆರಕೆ ಮಾತು ಭಾಷೆ ಬಾರದವರ ತೊದಲಲ್ಲ. ಬೆಂಗಳೂರು, ಮೈಸೂರಿನ ಓದಿದ ಮನೆಗಳ ನಡುಮನೆಯಲ್ಲಿ ಜನ ನಿಜವಾಗಿ ಮಾತಾಡುತ್ತಿದ್ದದ್ದೇ ಹಾಗೆ. ಅದನ್ನು ತಿದ್ದಿ ಬರೆದಿದ್ದರೆ ವ್ಯಾಕರಣ ಉಳಿಯುತ್ತಿತ್ತು, ಸಾಕ್ಷ್ಯ ಅಳಿಯುತ್ತಿತ್ತು. ವೃತ್ತಿಯಿಂದ ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ 'ರಾಶಿ'ಯವರು 1942ರಿಂದ 1967ರವರೆಗೆ 'ಕೊರವಂಜಿ' ಪತ್ರಿಕೆ ನಡೆಸಿದರು. ಎರಡನೇ ಮಹಾಯುದ್ಧದ ಪಡಿತರ, ಸ್ವಾತಂತ್ರ್ಯ, ಏಕೀಕರಣ, ಹೊಸ ಸರ್ಕಾರದ ಹೊಸ ಗುಮಾಸ್ತರು, ಎಲ್ಲವೂ ಆ ಕಾಲು ಶತಮಾನದೊಳಗೆ ಬಂದುಹೋದವು. ಆ ಕಾಲದ ಮಧ್ಯಮ ವರ್ಗದ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ತಿಳಿಯಲು ಗೆಜೆಟಿಯರಿಗಿಂತ 'ಕೊರವಂಜಿ'ಯ ಪುಟಗಳೇ ಹೆಚ್ಚು ನೆರವಾಗುತ್ತವೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ, ಅದನ್ನು ಹಾರಿಸಿ ಹೋಗುವಂತಿಲ್ಲ. ಸಭೆ ನಕ್ಕಿತು ಎಂದ ಮಾತ್ರಕ್ಕೆ ಹೇಳಿದ್ದು ನಿಜ ಎಂದಾಯಿತೇ? ಜನ ತಮಗೆ ಗೊತ್ತಿರುವ ಸತ್ಯಕ್ಕೆ ನಗುವಂತೆ ತಾವು ನಂಬಿಕೊಂಡ ಸುಳ್ಳಿಗೂ ನಗುತ್ತಾರಲ್ಲ? ಹೌದು, ನಗುತ್ತಾರೆ. ಅದಕ್ಕೆ ದೊಡ್ಡ ಪುರಾವೆ ನಮ್ಮ ಹಾಸ್ಯಸಂಜೆಗಳ ಹೆಂಡತಿ ಜೋಕು. ಗಂಡ ಪಾಪದವನು, ಹೆಂಡತಿ ಘಟವಾಣಿ. ಗಂಡ ಸಂಬಳ ತಂದು ಸುರಿಯುವವನು, ಹೆಂಡತಿ ಸೀರೆ ಅಂಗಡಿಯಲ್ಲಿ ಸುರಿದು ಬರುವವಳು. ಅತ್ತೆ ಬಂದಳೆಂದರೆ ಭೂಕಂಪ. ಹೇಳುವವರು ಬದಲಾಗಿದ್ದಾರೆ, ಊರು ಬದಲಾಗಿದೆ, ಸೀರೆ ಅಂಗಡಿ ಮೊಬೈಲಿನೊಳಗೆ ಬಂದಿದೆ, ಜೋಕು ಬದಲಾಗಿಲ್ಲ. ಇದನ್ನು ಹೇಳುವಾತನಿಗೆ ಮದುವೆಯಾಗಿರಬೇಕಾದ ಅಗತ್ಯವೂ ಇಲ್ಲ. ತನ್ನ ಮನೆಯ ಹೆಂಡತಿಯನ್ನು ಅವನು ನೋಡಿಯೇ ಇಲ್ಲ. ತನ್ನ ಹಿಂದಿನ ಭಾಷಣಕಾರನ ಜೋಕಿನಲ್ಲಿದ್ದ ಹೆಂಡತಿಯನ್ನು ಕೇಳಿದ್ದಾನೆ, ಅಷ್ಟೇ. ಕೇಳಿದ ನಗೆ ಎಂದು ನಾನು ಕರೆಯುವುದು ಇದನ್ನು. ಇದಕ್ಕೂ ಸಭೆ ನಗುತ್ತದೆ, ಆದರೆ ಆ ನಗುವಿನಲ್ಲಿ 'ಅರೆ, ಹೌದಲ್ಲ!' ಎಂಬ ಬೆರಗು ಇರುವುದಿಲ್ಲ. ಪರಿಚಿತ ಹಾಡಿನ ಪಲ್ಲವಿ ಬಂದಾಗ ತಲೆಯಾಡಿಸಿದಂತೆ ಬಾಯಿ ತಾನಾಗಿ ಅಗಲವಾಗುತ್ತದೆ. ಎರಡೂ ನಗುಗಳನ್ನು ಒಂದೇ ತಕ್ಕಡಿಗೆ ಹಾಕುವುದರಿಂದಲೇ ಹಾಸ್ಯವೆಂದರೆ ಹಗುರ ಎಂಬ ಮಾತು ಹುಟ್ಟಿಕೊಂಡದ್ದು.

ವ್ಯತ್ಯಾಸ ಎಷ್ಟೆಂದು ನೋಡಬೇಕಾದರೆ ಮತ್ತೆ ಬಸ್ಸು ಹತ್ತಬೇಕು. 2023ರ ಜೂನ್ 11ರಂದು ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ಆರಂಭಿಸಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಇಲ್ಲ ಎಂದಿತು. ವಾರ ಕಳೆಯುವುದರೊಳಗೆ ಜೋಕುಗಳ ಮಳೆ. ಹೆಂಡತಿ ಧರ್ಮಸ್ಥಳಕ್ಕೆ ಹೋದಳು, ಗಂಡ ಮನೆಯಲ್ಲಿ ಗಂಜಿ ಕಾಯಿಸಿಕೊಂಡ. ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿದ್ದಾರೆ, ಮನೆ ಶಾಂತವಾಗಿದೆ. ಎಲ್ಲವೂ ಕೇಳಿದ ನಗೆ. ಹಳೆಯ ಹೆಂಡತಿ ಜೋಕಿಗೆ ಹೊಸ ಬಸ್ಸು. ಬಸ್ಸಿನೊಳಗೆ ಹೋಗಿ ನೋಡಿದ್ದರೆ ಇದಕ್ಕಿಂತ ಎಷ್ಟೋ ಸೊಗಸಾದ ಸಂಗತಿ ಕಾಣುತ್ತಿತ್ತು. ದುಡ್ಡು ಇಲ್ಲ ಎಂದ ಮೇಲೂ ಟಿಕೆಟ್ಟು ಇದೆ. ಕಂಡಕ್ಟರು ಆಧಾರ್ ಕಾರ್ಡು ಕೇಳುತ್ತಾರೆ, ಹತ್ತು ವರ್ಷದ ಹಿಂದಿನ ಆ ಫೋಟೋದ ಮುಖವನ್ನೂ ಎದುರಿಗಿರುವ ಮುಖವನ್ನೂ ಹೋಲಿಸಿ ನೋಡುತ್ತಾರೆ, ಆಮೇಲೆ ಯಂತ್ರದಿಂದ ಸೊನ್ನೆ ರೂಪಾಯಿಯ ಚೀಟಿ ಹರಿದು ಗಂಭೀರವಾಗಿ ಕೈಗಿಡುತ್ತಾರೆ. ಏಕೆಂದರೆ ನಿಗಮಗಳು ಸರ್ಕಾರದಿಂದ ಹಣ ಕೇಳುವುದು ಆ ಚೀಟಿಗಳ ಲೆಕ್ಕ ತೋರಿಸಿಯೇ. 2025ರ ಜುಲೈ ಹೊತ್ತಿಗೆ ಇಂಥ ಪ್ರಯಾಣಗಳು 500 ಕೋಟಿ ಮುಟ್ಟಿದವು. ಸೊನ್ನೆಗೆ ಸೊನ್ನೆ ಕೂಡಿಸಿದರೆ ಸೊನ್ನೆಯೇ ಎಂದು ಶಾಲೆಯಲ್ಲಿ ಕಲಿತಿದ್ದೆವು. ಸಾರಿಗೆ ಇಲಾಖೆಯ ಗಣಿತದಲ್ಲಿ ಸೊನ್ನೆಗಳನ್ನು ಕೂಡಿಸುತ್ತ ಹೋದರೆ ಸಾವಿರಾರು ಕೋಟಿ ರೂಪಾಯಿ ಬರುತ್ತದೆ. ಇದು ಯೋಜನೆಯ ಪರವೂ ಅಲ್ಲ, ವಿರೋಧವೂ ಅಲ್ಲ. ಗಾರ್ಮೆಂಟ್ಸಿಗೆ ಹೋಗುವ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ದಿನಕ್ಕೆ ಉಳಿಯುವ ನಲವತ್ತೋ ಐವತ್ತೋ ರೂಪಾಯಿ ದೊಡ್ಡದು ಎಂಬುದೂ ಅದೇ ಬಸ್ಸಿನಲ್ಲಿ ಕಾಣುವ ನಿಜ. ಆ ಕಾರಣಕ್ಕೇ ಅವಳ ಪ್ರಯಾಣವನ್ನು ಪುಕ್ಕಟೆ ತೀರ್ಥಯಾತ್ರೆ ಎಂದು ಆಡಿಕೊಂಡ ಜೋಕು ಸುಳ್ಳು ಸಾಕ್ಷಿ. ಅವಳು ಆ ಹೊತ್ತಿನಲ್ಲಿ ಕೆಲಸಕ್ಕೆ ಹೊರಟಿದ್ದಳು.

ಭರತನ ನಾಟ್ಯಶಾಸ್ತ್ರ ಹಾಸ್ಯರಸದ ಬಗ್ಗೆ ಹೇಳುವಾಗ ಒಂದು ಮಾತನ್ನು ಸ್ವಲ್ಪ ಕೀಳುಮಾಡಿಯೇ ಹೇಳುತ್ತದೆ: ಈ ರಸ ಹೆಚ್ಚಾಗಿ ಕಾಣುವುದು ಹೆಂಗಸರಲ್ಲಿ ಮತ್ತು ಕೆಳದರ್ಜೆಯ ಪಾತ್ರಗಳಲ್ಲಿ. ಉತ್ತಮರು ಮುಗುಳ್ನಗುತ್ತಾರೆ, ಹಲ್ಲು ತೋರಿಸಿದರೂ ತುಸುವೇ. ಶಾಸ್ತ್ರಕಾರರ ಉದ್ದೇಶ ಏನೇ ಇರಲಿ, ಗಮನಿಸಿದ್ದು ಸರಿಯಾಗಿದೆ. ಮನೆಯಲ್ಲಿ, ಊರಿನಲ್ಲಿ ಆಜ್ಞೆ ಮಾಡುವವನಿಗೆ ಸುತ್ತಲಿನದನ್ನು ಗಮನಿಸಬೇಕಾದ ಅಗತ್ಯ ಬೀಳುವುದಿಲ್ಲ. ಆಜ್ಞೆ ಪಾಲಿಸುವವರಿಗೆ ಒಡೆಯನ ಹುಬ್ಬು, ಸದ್ದು, ಹೊಟ್ಟೆಯ ಹಸಿವು ಎಲ್ಲವೂ ಬಾಯಿಪಾಠ ಆಗಿರುತ್ತವೆ. ನಗೆಯ ಸರಕು ಅವರ ಬಳಿಯೇ ಇರುವುದು. ಟಿ. ಸುನಂದಮ್ಮನವರು 'ಕೊರವಂಜಿ'ಗೆ ಬರೆಯತೊಡಗಿದಾಗ ಕನ್ನಡದಲ್ಲಿ ಹೆಂಗಸರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಅವರು ಆ ನಂಬಿಕೆಯ ಮೇಲೆ ಪ್ರಬಂಧ ಬರೆಯುತ್ತ ಕೂರಲಿಲ್ಲ. ಸಂಸಾರವನ್ನು ಅಡಿಗೆ ಮನೆಯ ಬಾಗಿಲಿನಿಂದ ನೋಡಿ ಬರೆದರು. ಅಲ್ಲಿಂದ ನೋಡಿದಾಗ ನಡುಮನೆಯ ಆರಾಮಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತವರು ಎಷ್ಟು ತಮಾಷೆಯಾಗಿ ಕಾಣುತ್ತಾರೆ ಎಂಬುದು ಕನ್ನಡಕ್ಕೆ ಗೊತ್ತಾಯಿತು. ಮುಂದೆ ಭುವನೇಶ್ವರಿ ಹೆಗಡೆಯವರು ಬರಹದಲ್ಲಿ, ಸುಧಾ ಬರಗೂರು, ಇಂದುಮತಿ ಸಾಲಿಮಠ ಮೊದಲಾದವರು ವೇದಿಕೆಯ ಮೇಲೆ ಆ ಬಾಗಿಲನ್ನು ತೆರೆದಿಟ್ಟಿದ್ದಾರೆ. ಆದರೂ ಹಾಸ್ಯಸಂಜೆಯ ಕರಪತ್ರದಲ್ಲಿ ನಾಲ್ಕು ಗಂಡಸರ ಭಾವಚಿತ್ರದ ಪಕ್ಕದಲ್ಲಿ ಒಂದು ಹೆಣ್ಣಿನ ಚಿತ್ರ ಇರುವುದೇ ಇಂದಿಗೂ ವಾಡಿಕೆ.

ಭಾಷೆಯ ವಿಷಯದಲ್ಲೂ ಇದೇ ಮಾತು. ಬಹಳ ಕಾಲ ನಮ್ಮ ಸಿನಿಮಾ, ನಾಟಕಗಳಲ್ಲಿ ಉತ್ತರ ಕರ್ನಾಟಕದ ಮಾತು, ಕುಂದಾಪುರ ಮಂಗಳೂರಿನ ಮಾತು ಬರುತ್ತಿದ್ದದ್ದು ಹೆಚ್ಚಾಗಿ ನಗಿಸುವುದಕ್ಕೆ. ಆ ಮಾತನ್ನು ಆಡುವ ನಟ ಹಲವು ಸಲ ಆ ಕಡೆಯವನೂ ಆಗಿರುತ್ತಿರಲಿಲ್ಲ. ಅವನೂ ಕೇಳಿದ್ದನ್ನೇ ಒಪ್ಪಿಸುತ್ತಿದ್ದ. ಗಂಗಾವತಿ ಪ್ರಾಣೇಶರು ಬೆಂಗಳೂರು, ಮೈಸೂರಿನ ಸಭೆಗಳಿಗೆ ಬಂದು ತಮ್ಮ ಊರಿನ ಕನ್ನಡದಲ್ಲಿಯೇ ಗಂಟೆಗಟ್ಟಲೆ ಮಾತಾಡಿದಾಗ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಗಂಗಾವತಿಯ ಮಾತು ನಗೆಗೆ ಗುರಿಯಲ್ಲ, ನಗಿಸುವವನ ಸಹಜ ಮಾತು. ವಿಚಿತ್ರವಾಗಿ ಕಾಣತೊಡಗಿದ್ದು ಎದುರಿಗೆ ಕೂತ ನಗರದ ಜನರ ಅಭ್ಯಾಸಗಳು. ಪ್ರಾಣೇಶರನ್ನು ಅಭಿನವ ಬೀಚಿ ಎಂದು ಕರೆಯುವುದುಂಟು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು, ಬಹುಕಾಲ ಪೊಲೀಸು ಇಲಾಖೆಯಲ್ಲಿ ನೌಕರಿ ಮಾಡಿದವರು. ಕಾನೂನು ಕಾಗದದ ಮೇಲೆ ಹೇಗಿರುತ್ತದೆ, ಕಟ್ಟೆಯ ಮೇಲೆ ಹೇಗಿರುತ್ತದೆ ಎಂಬುದನ್ನು ಆ ಮೇಜಿನಿಂದಲೇ ಕಂಡವರು. ಅವರ ಪಾತ್ರ ತಿಂಮ ಲೋಕವನ್ನೆಲ್ಲ ಗೇಲಿ ಮಾಡುತ್ತಾನೆ ನಿಜ, ಆದರೆ ಮೊದಲ ದಡ್ಡ ಅವನೇ. ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟ ಲೇಖಕ ಇತರರ ಕಾಲೆಳೆಯುವ ಮುಂಚೆ ತನ್ನ ಕಾಲನ್ನು ಚಾಚಿ ಕೊಟ್ಟಿದ್ದಾನೆ ಎಂದೇ ತಿಳಿಯಬೇಕು. ಬಲ್ಲಿದರನ್ನು ಮಾತ್ರ ನಗಾಡಬೇಕು, ಬಡವರನ್ನು ನಗಾಡಬಾರದು ಎಂಬ ನಿಯಮವನ್ನು ಈಗ ಹಲವರು ಮುಂದಿಡುತ್ತಾರೆ. ಒಳ್ಳೆಯ ನಿಯಮವೇ, ಆದರೆ ಪೂರ್ತಿ ಸಾಲದು. ಬಡವನ ಜಂಬಕ್ಕೂ ನಗು ಬರುತ್ತದೆ, ಬರಲಿ. ಹೇಳುವವನು ಆ ಚಿತ್ರದ ಒಳಗೆ ನಿಂತಿದ್ದಾನೋ ಹೊರಗೆ ನಿಂತು ಬೆರಳು ತೋರಿಸುತ್ತಿದ್ದಾನೋ ಎಂಬುದೇ ಹೆಚ್ಚು ಮುಖ್ಯ.

ಬೆಂಗಳೂರಿನ ಕಾಫಿ ಕ್ಲಬ್ಬುಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ಟಿಕೆಟ್ಟು ಇಟ್ಟು ಕನ್ನಡದಲ್ಲಿ ಸ್ಟ್ಯಾಂಡಪ್ ಮಾಡುವ ಯುವಕ ಯುವತಿಯರಿದ್ದಾರೆ; 'ಲೋಲ್‌ಬಾಗ್' ಎಂಬ ತಂಡ ಇದರಲ್ಲಿ ಮೊದಮೊದಲು ದಾರಿ ಮಾಡಿದ್ದು. ಹಾಸ್ಯಸಂಜೆಗೂ ಇದಕ್ಕೂ ಇರುವ ಅಂತರ ಭಾಷೆಗಿಂತ ಹೆಚ್ಚಾಗಿ ಎದುರಿಗೆ ಕೂತವರದು. ಗಣೇಶೋತ್ಸವದ ಪೆಂಡಾಲಿನಲ್ಲಿ, ರಾಜ್ಯೋತ್ಸವದ ಬಯಲಿನಲ್ಲಿ ಅಜ್ಜಿಯೂ ಮೊಮ್ಮಗಳೂ ಪಕ್ಕಪಕ್ಕದಲ್ಲಿ ಕೂತಿರುತ್ತಾರೆ. ಅಲ್ಲಿ ಆಡಲಾಗದ ವಿಷಯಗಳು ಹಲವು. ಆಡಲಾಗದ್ದನ್ನೆಲ್ಲ ಬಿಟ್ಟರೆ ಉಳಿಯುವುದು ಹೆಂಡತಿ ಎಂದು ನಮ್ಮವರು ತೀರ್ಮಾನಿಸಿದಂತಿದೆ. ನಗರದ ಸ್ಟ್ಯಾಂಡಪ್ಪಿನಲ್ಲಿ ಅಜ್ಜಿ ಇಲ್ಲ, ಏನನ್ನು ಬೇಕಾದರೂ ಆಡಬಹುದು. ಆದರೆ ಅಲ್ಲಿ ಕೇಳಿಬರುವುದು ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಪೀಜಿಯ ಊಟ, ಕಂಪನಿಯ ಮ್ಯಾನೇಜರು, ಮದುವೆಗೆ ಒತ್ತಾಯಿಸುವ ಅಮ್ಮ, ಇಷ್ಟೇ. ಪೀಜಿಯಲ್ಲಿ ಅನ್ನ ಬೇಯಿಸುವವನು ಯಾವ ಊರಿಂದ ಬಂದ, ಟ್ರಾಫಿಕ್ಕಿನಲ್ಲಿ ಊಟದ ಡಬ್ಬಿ ಹೊತ್ತ ಹುಡುಗ ಎಷ್ಟು ನಿಮಿಷ ತಡವಾದರೆ ಏನಾಗುತ್ತದೆ, ಅಲ್ಲಿಯವರೆಗೆ ಕಣ್ಣು ಹೋಗುವುದು ಅಪರೂಪ. ಎರಡೂ ಕಡೆ ಕೊರತೆ ಒಂದೇ, ನೋಡಿದ್ದು ಕಡಿಮೆ.

ನಗಿಸಿ ಏನಾಯಿತು, ಸಮಾಜ ಬದಲಾಯಿತೇ ಎಂಬ ಪ್ರಶ್ನೆ ಉಳಿಯಿತು. ಈ ಪ್ರಶ್ನೆ ಕೇಳುವವರು ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ಎತ್ತಿಕೊಳ್ಳುತ್ತಾರೆ. ತಂದೆ ಕೆ. ಹಿರಣ್ಣಯ್ಯನವರು ಕಟ್ಟಿದ ಮಿತ್ರಮಂಡಳಿಯನ್ನು ನಡೆಸಿಕೊಂಡು ಬಂದ ಅವರು ಆ ಒಂದು ನಾಟಕವನ್ನೇ ಸಾವಿರಾರು ಸಲ ಆಡಿದರು. ಬರೆದ ಸಂಭಾಷಣೆ ನೆಪಕ್ಕೆ. ಪಾತ್ರವನ್ನು ಬದಿಗಿಟ್ಟು ರಂಗದ ಅಂಚಿಗೆ ಬಂದು ಆ ದಿನ ಬೆಳಗಿನ ಪತ್ರಿಕೆಯ ಸುದ್ದಿಗೆ ಕೈಹಾಕಿದರೆಂದರೆ ಅದೇ ಅಪ್ಪಟ ಸ್ಟ್ಯಾಂಡಪ್. 2019ರಲ್ಲಿ ಅವರು ತೀರಿಕೊಂಡಾಗಲೂ ಲಂಚ ಚೆನ್ನಾಗಿಯೇ ಬದುಕಿತ್ತು. ಲಂಚ ತಿಂದವರೇ ಮುಂದಿನ ಸಾಲಿನಲ್ಲಿ ಕೂತು ನಕ್ಕು, ಮನಸ್ಸು ಹಗುರ ಮಾಡಿಕೊಂಡು, ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗಿ ಮತ್ತೆ ಕೈ ಚಾಚಿದರಲ್ಲ, ನಗೆ ಅವರಿಗೆ ಪಾಪ ತೊಳೆಯುವ ತೀರ್ಥವಾಯಿತಲ್ಲ ಎಂಬುದು ಆಕ್ಷೇಪದ ತಿರುಳು. ಇದರಲ್ಲಿ ಹುರುಳಿದೆ. ಆದರೆ ಸಾಕ್ಷಿಯಿಂದ ಶಿಕ್ಷೆ ಕೊಡಿಸುವ ಕೆಲಸವನ್ನೂ ಬೇಡುವುದು ಎಲ್ಲಿಯ ನ್ಯಾಯ? ಕಂಡದ್ದನ್ನು ಸಾವಿರ ಸಲ ಹೇಳಿದವನು ತನ್ನ ಪಾಲಿನದನ್ನು ಮಾಡಿದ್ದಾನೆ. ತೀರ್ಪು ಬರೆಯಬೇಕಾದವರು ಬೇರೆ ಇದ್ದಾರೆ, ಅವರಿಗೆ ಸಂಬಳವೂ ಇದೆ. ಇನ್ನೊಂದು ಮಾತು: ನಗೆ ಬರೀ ತೀರ್ಥವಾಗಿದ್ದರೆ ಅಧಿಕಾರದಲ್ಲಿರುವವರು ಹಾಸ್ಯಗಾರರಿಗೆ ಶಾಲು ಹೊದಿಸಿ ಸುಮ್ಮನಾಗುತ್ತಿದ್ದರು. ಹಿರಣ್ಣಯ್ಯನವರು ಅಂಥವರ ಸಿಟ್ಟಿಗೆ ಗುರಿಯಾದದ್ದುಂಟು.

ಸಿಟ್ಟಿನ ಮಾತು ಬಂತು. ಕಂಡದ್ದು ಕಂಡಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆ ಸ್ಟ್ಯಾಂಡಪ್ಪಿನವರಿಗಾಗಿಯೇ ಹುಟ್ಟಿದಂತಿದೆ. ಬಾನುಲಿಯ ಇತಿಹಾಸದಲ್ಲೇ ಇದಕ್ಕೊಂದು ಮೊಕದ್ದಮೆ ಇದೆ. 1973ರಲ್ಲಿ ನ್ಯೂಯಾರ್ಕಿನ ಒಂದು ರೇಡಿಯೊ ಕೇಂದ್ರ ಜಾರ್ಜ್ ಕಾರ್ಲಿನ್ ಎಂಬ ಹಾಸ್ಯಗಾರನ ಮಾತುಗಾರಿಕೆಯನ್ನು ಹಗಲು ಹೊತ್ತಿನಲ್ಲಿ ಪ್ರಸಾರ ಮಾಡಿತು. ಬಾಯಲ್ಲಿ ಆಡಬಾರದೆಂದು ಸಮಾಜ ಕಟ್ಟಿಟ್ಟ ಕೆಲವು ಪದಗಳ ಬಗ್ಗೆ ಅವನ ವಿಡಂಬನೆ ಅದು. ಮಗನೊಂದಿಗೆ ಕಾರಿನಲ್ಲಿ ಹೋಗುತ್ತಿದ್ದ ತಂದೆಯೊಬ್ಬರು ಕೇಳಿ ದೂರು ಕೊಟ್ಟರು. 1978ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಾಲ್ಕರ ವಿರುದ್ಧ ಐದು ಮತಗಳಿಂದ, ಇಂಥ ಪ್ರಸಾರವನ್ನು ನಿಯಂತ್ರಿಸುವ ಅಧಿಕಾರ ಸರ್ಕಾರಿ ಆಯೋಗಕ್ಕೆ ಇದೆ ಎಂದಿತು. ರೇಡಿಯೊ ಮನೆಯೊಳಗೇ ಬರುತ್ತದೆ, ಮಕ್ಕಳ ಕಿವಿಗೂ ಬೀಳುತ್ತದೆ ಎಂಬುದು ಕಾರಣ. ಆ ಮಟ್ಟಿಗೆ ನನಗೆ ತಕರಾರಿಲ್ಲ. ಎಲ್ಲ ಮಾತಿಗೂ ಎಲ್ಲ ಜಾಗವೂ ಅಲ್ಲ, ಹೊತ್ತು ಗೊತ್ತು ಬೇಕು. ಕೋರ್ಟು ಜಾಗವನ್ನು ತೂಗಿತು, ಕಾರ್ಲಿನ್ ಮುಂದೆಯೂ ರಂಗದ ಮೇಲೆ ಮಾತಾಡಿದ. ನಮ್ಮಲ್ಲಿ ಆಗುತ್ತಿರುವುದು ಬೇರೆ. 2021ರ ಜನವರಿ 1ರಂದು ಇಂದೋರಿನಲ್ಲಿ ಮುನವ್ವರ್ ಫಾರೂಕಿ ಎಂಬ ಹಾಸ್ಯಗಾರನನ್ನು ಬಂಧಿಸಿದರು; ಸುಪ್ರೀಂ ಕೋರ್ಟಿನಿಂದ ಮಧ್ಯಂತರ ಜಾಮೀನು ಸಿಗುವ ಹೊತ್ತಿಗೆ ಒಂದು ತಿಂಗಳು ಕಳೆದಿತ್ತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಗದಿಯಾಗಿದ್ದ ಅವನ ಕಾರ್ಯಕ್ರಮವೂ ಶಾಂತಿಭಂಗದ ಭಯ ಮುಂದೊಡ್ಡಿದ್ದರಿಂದ ರದ್ದಾಯಿತು. ಅವನ ಹಾಸ್ಯ ಎಲ್ಲರಿಗೂ ಹಿಡಿಸಬೇಕಿಲ್ಲ. ಆದರೆ ಗಲಾಟೆ ಮಾಡುತ್ತೇವೆ ಎಂದವರನ್ನು ಬಿಟ್ಟು ಮಾತಾಡುತ್ತೇನೆ ಎಂದವನನ್ನು ತಡೆಯುವುದು ಸಭೆಯ ತೀರ್ಪನ್ನು ಸಭೆ ಸೇರುವ ಮೊದಲೇ ಬರೆದಂತೆ.

ಮನಸ್ಸಿಗೆ ನೋವಾಗುತ್ತದಲ್ಲ ಎನ್ನುವವರಿಗೆ ಉತ್ತರ ಹೇಳಲೇಬೇಕು. ನೋವು ಆಗುತ್ತದೆ, ನಿಜ. ಆದರೆ ನೋವಾದವರೆಲ್ಲ ದೂರು ಕೊಡುವುದಿಲ್ಲ, ದೂರು ಕೊಟ್ಟವರಿಗೆಲ್ಲ ನೋವಾಗಿರುವುದೂ ಇಲ್ಲ. ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ಕಿವಿ ಮಂದವಾದವರನ್ನು, ಮನೆಗೆಲಸದವರನ್ನು, ಹೆಂಡತಿಯನ್ನು ದಶಕಗಟ್ಟಲೆ ವೇದಿಕೆಯ ಮೇಲೆ ಆಡಿಕೊಂಡಿದ್ದೇವೆ. ಅವರಿಗೆಲ್ಲ ಸಂಘವಿಲ್ಲ, ಮೆರವಣಿಗೆಯಿಲ್ಲ, ಆದ್ದರಿಂದ ಪೊಲೀಸು ಠಾಣೆಯಲ್ಲಿ ಅವರ ನೋವು ದಾಖಲಾಗಲಿಲ್ಲ. ದಾಖಲಾಗುವುದು ಮಾತಿಗೆ ಮೊದಲೇ ಕೈ ಎತ್ತಬಲ್ಲವರ ನೋವು. ನೋವನ್ನೇ ಅಳತೆಗೋಲು ಮಾಡಿದರೆ ಗಟ್ಟಿ ಗಂಟಲಿನವರು ಗೆಲ್ಲುತ್ತಾರೆ. ಕಂಡು ಹೇಳಿದ್ದೋ ಕೇಳಿ ಹೇಳಿದ್ದೋ ಎಂಬ ಅಳತೆಯಲ್ಲಿ ಆ ಮೋಸ ಇಲ್ಲ. ಸಿಟ್ಟಾದವರೂ ಅದಕ್ಕೆ ಕಂಡದ್ದನ್ನೇ ಎದುರಿಡಬೇಕಾಗುತ್ತದೆ, 'ನೀನು ಹೇಳಿದ್ದು ಹಾಗಲ್ಲ, ಹೀಗೆ' ಎಂದು. ಅಂಥ ಜಗಳ ಆಗಲಿ, ಅದರಿಂದ ಸಮಾಜಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಕೇಳುಗ ಮಿತ್ರರೇ, ರಾಜ್ಯೋತ್ಸವದ ತಿಂಗಳು ಬಂದರೆ ನಿಮ್ಮ ಊರಿನ ಸಂಘ ಹಾಸ್ಯಸಂಜೆ ಇಟ್ಟುಕೊಂಡೇ ಇಟ್ಟುಕೊಳ್ಳುತ್ತದೆ. ಹಾಸ್ಯ ಭಾಷಣಕಾರರಿಗೆ ನವೆಂಬರಿನಷ್ಟು ಬಿಡುವಿಲ್ಲದ ತಿಂಗಳು ಇನ್ನೊಂದಿಲ್ಲ. ಕಾರ್ಯಕ್ರಮ ಏರ್ಪಡಿಸುವವರು ನೀವಾಗಿದ್ದರೆ ಕರಪತ್ರದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಲೆಕ್ಕ ಭರ್ತಿಗೆ ಸೇರಿಸಬೇಡಿ, ಅರ್ಧ ಸಂಜೆಯನ್ನು ಅವರ ಕೈಗೆ ಕೊಡಿ. ಕೇಳುವವರಾಗಿದ್ದರೆ ಒಂದೇ ಕೆಲಸ ಮಾಡಿ. ದೂರದಿಂದ ಬಂದಿದ್ದಾರೆ, ಶಾಲು ಹೊದಿಸಿದ್ದೇವೆ ಎಂಬ ದಾಕ್ಷಿಣ್ಯಕ್ಕೆ ಹಳೆಯ ಹೆಂಡತಿ ಜೋಕಿಗೆ ನಗಬೇಡಿ. ಎರಡು ಸಲ ಸಭೆ ಸುಮ್ಮನಿದ್ದರೆ ಭಾಷಣಕಾರರು ಮೂರನೇ ಸಲ ಅದನ್ನು ತರುವುದಿಲ್ಲ. ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಏನಾದರೂ ನೋಡಿಕೊಂಡು ಬರುತ್ತಾರೆ.